ಟಿ-ಮನಿ ಕಾರ್ಡ್ ರಿವ್ಯೂ: ಕೊರಿಯಾಕ್ಕೆ ಓದೋಕೆ ಹೊರಟಿರೋ ನಮ್ಮೂರ ಹುಡುಗ್ರಿಗೆ

ಕೊರಿಯಾದಲ್ಲಿ ಮಾಸ್ಟರ್ಸ್ ಮುಗಿಸ್ಕೊಂಡು ದಾವಣಗೆರೆಗೆ ವಾಪಸ್ ಬಂದ್ಮೇಲೆ ನಂಗೆ ಬರೋ ಮೆಸೇಜ್ ಎಲ್ಲಾ ಒಂದೇ ಥರ, ಅಕ್ಕಾ ಯಾವ ಜಾಕೆಟ್ ತಗೊಳ್ಳಿ, ಅಕ್ಕಾ ಕುಕ್ಕರ್ ಒಯ್ಬೋದಾ, ಅಕ್ಕಾ ವೀಕೆಂಡ್ ಟೂರ್ ಪ್ಯಾಕೇಜ್ ಇಲ್ಲಿಂದ್ಲೇ ಬುಕ್ ಮಾಡಿದ್ರೆ ಚೀಪ್ ಆಗುತ್ತಾ. ಜಾಕೆಟ್ ಅಲ್ಲೇ ತಗೊಳ್ಳಿ, ಇಲ್ಲಿ ಅಶೋಕ ರೋಡಲ್ಲಿ ಸಿಗೋದು ಅಲ್ಲಿನ ಜನವರಿ ಚಳಿಗೆ ಒಳಗೆ ಹಾಕ್ಕೊಳ್ಳೋಕೂ ಸಾಲಲ್ಲ. ಕುಕ್ಕರ್ ವಿಷ್ಯ ಆಮೇಲೆ ಹೇಳ್ತೀನಿ. ಟೂರ್ ಪ್ಯಾಕೇಜ್ ಮಾತ್ರ ದಯವಿಟ್ಟು ಬೇಡ. ಅದ್ರ ಬದ್ಲು ಇಳಿದ ದಿನಾನೇ ಒಂದು ಟಿ-ಮನಿ ಕಾರ್ಡ್ ತಗೊಳ್ಳಿ, ಇಡೀ ರಿವ್ಯೂ ಅದ್ರ ಬಗ್ಗೇನೇ.

ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ, ಟಿ-ಮನಿ ಅನ್ನೋದು ಬಸ್ಸು ಮೆಟ್ರೋ ಎರಡಕ್ಕೂ ನಡೆಯೋ ರೀಚಾರ್ಜ್ ಕಾರ್ಡು. 2004ರಲ್ಲಿ ಸಿಯೋಲ್‌ನವ್ರು ತಮ್ಮ ಬಸ್ ವ್ಯವಸ್ಥೆ ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದ್ರಲ್ಲ, ಬಸ್ಸಿಗೆ ನೀಲಿ ಹಸಿರು ಕೆಂಪು ಹಳದಿ ಅಂತ ಬಣ್ಣ ಕೊಟ್ಟು, ಆಗ ಬಂದಿದ್ದು ಇದು. ಈಗ ಬುಸಾನ್, ಗ್ಯೊಂಗ್ಜು, ಜೆಜು ಎಲ್ಲಾ ಕಡೆ ನಡೆಯುತ್ತೆ. ರೋಡಿಗೆ ಒಂದರಂಗೆ ಇರೋ ಸಿಯು, ಜಿಎಸ್25, ಸೆವೆನ್ ಇಲೆವೆನ್ ಥರದ ಕನ್ವೀನಿಯೆನ್ಸ್ ಸ್ಟೋರಲ್ಲಿ ಸಿಗುತ್ತೆ, ಸಾದಾ ಕಾರ್ಡಿಗೆ 3 ಸಾವಿರ ವೊನ್ ಆಸುಪಾಸು, ಬೊಂಬೆ ಚಿತ್ರ ಇರೋದಾದ್ರೆ ಜಾಸ್ತಿ. 1,000 ವೊನ್ ಅಂದ್ರೆ ನಮ್ಮ ದುಡ್ಡಲ್ಲಿ ಹತ್ರತ್ರ 60 ರೂಪಾಯಿ ಅಂದ್ಕೊಳ್ಳಿ, ಮುಂದೆ ಲೆಕ್ಕ ಹಾಕೋಕೆ ಅನುಕೂಲ ಆಗುತ್ತೆ. ಆ ಕಾರ್ಡಿನ ಬೆಲೆ ವಾಪಸ್ ಬರಲ್ಲ, ಅದ್ರೊಳಗೆ ದುಡ್ಡು ಬೇರೆ ತುಂಬಿಸ್ಬೇಕು.

ಇದ್ರಲ್ಲೇನ್ ದೊಡ್ಡ ವಿಷ್ಯ, ಬೆಂಗ್ಳೂರು ಮೆಟ್ರೋಗೂ ಕಾರ್ಡ್ ಐತಲ್ಲ ಅಂತೀರಾ. ಕೇಳ್ರಿ. ಕೊರಿಯಾದಲ್ಲಿ ಹೊಸದಾಗಿ ಹೋದ ವಿದೇಶಿ ಸ್ಟೂಡೆಂಟ್‌ಗೆ ಮೊದಮೊದಲು ಯಾವ ಬಾಗಿಲೂ ತೆರೆಯಲ್ಲ. ಡಿ-2 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಹೋದ ಮೇಲೆ 90 ದಿನದೊಳಗೆ ಇಮಿಗ್ರೇಷನ್ ಆಫೀಸಲ್ಲಿ ರಿಜಿಸ್ಟರ್ ಆಗ್ಬೇಕು, ಆಮೇಲೆ ಒಂದು ಐಡಿ ಕಾರ್ಡ್ ಬರುತ್ತೆ, ಎಲ್ರೂ ಎಆರ್‌ಸಿ ಅಂತ ಕರೀತಾರೆ. ಅಪಾಯಿಂಟ್‌ಮೆಂಟ್ ಸಿಗೋಕೇ ವಾರಗಟ್ಲೆ, ಕಾರ್ಡ್ ಕೈಗೆ ಬರೋಕೆ ಇನ್ನೊಂದಿಷ್ಟು ವಾರ. ಅದು ಬರೋವರೆಗೂ ನಮ್ಮ ಹೆಸರಲ್ಲಿ ಸರಿಯಾದ ಫೋನ್ ಪ್ಲಾನ್ ಇಲ್ಲ, ಫೋನ್ ನಮ್ಮ ಹೆಸರಲ್ಲಿ ಇಲ್ಲ ಅಂದ್ರೆ ಆನ್‌ಲೈನಲ್ಲಿ ನಾವ್ಯಾರು ಅಂತ ಪ್ರೂವ್ ಮಾಡೋಕಾಗಲ್ಲ, ಅದಾಗಿಲ್ಲ ಅಂದ್ರೆ ಊಟ ತರಿಸೋ ಆ್ಯಪ್ಪು, ಶಾಪಿಂಗ್ ಆ್ಯಪ್ಪು, ಟಿಕೆಟ್ ಆ್ಯಪ್ಪು ಒಂದೂ ಪೂರ್ತಿ ಕೆಲಸ ಮಾಡಲ್ಲ. ಪಕ್ಕದ ರೂಮ್ ಹುಡುಗಿ ಹನ್ನೊಂದು ಗಂಟೆ ರಾತ್ರೀಲಿ ಫೋನ್ ಒತ್ತಿ ಊಟ ತರಿಸ್ಕೋತಾಳೆ, ನಾವು ಊರಿಂದ ತಂದ ಚಟ್ನಿಪುಡಿ ಡಬ್ಬಿ ಮುಂದೆ ಕೂತಿರ್ತೀವಿ. ಅಂಥ ಟೈಮಲ್ಲಿ ಹೆಸರು ಕೇಳ್ದೆ, ಪಾಸ್‌ಪೋರ್ಟ್ ಕೇಳ್ದೆ, ಓಟಿಪಿ ಕೇಳ್ದೆ, ಕ್ಯಾಶ್ ಕೊಟ್ಟ ತಕ್ಷಣ ಅಲ್ಲಿನ ಜನರಿಗೆ ಕೊಡೋ ಸವಲತ್ತನ್ನೇ ನಮಗೂ ಕೊಡೋದು ಅಂದ್ರೆ ಈ ಕಾರ್ಡ್ ಒಂದೇ. ನಾನು ಇದಕ್ಕೆ ಇಷ್ಟು ಮಾರ್ಕ್ಸ್ ಕೊಡೋದು ಅದಕ್ಕೆ, ಟೆಕ್ನಾಲಜಿಗಲ್ಲ.

ನಮ್ಮ ಕ್ಯಾಂಪಸ್ ಇದ್ದಿದ್ದು ಸುವೊನ್‌ನಲ್ಲಿ, ಸಿಯೋಲ್‌ನಿಂದ ದಕ್ಷಿಣಕ್ಕೆ, ದೊಡ್ಡ ಊರೇ. ಒಂದನೇ ಲೈನ್ ಮೆಟ್ರೋ ಅಲ್ಲೀತನಕ ಬರುತ್ತೆ. ಲೆಕ್ಕ ಹೆಂಗಂದ್ರೆ ಮೊದಲ 10 ಕಿಲೋಮೀಟರ್‌ಗೆ ಬೇಸ್ ಚಾರ್ಜು, ನಾನಿದ್ದಾಗ 1,400 ವೊನ್ ಇತ್ತು, 2025ರ ಜೂನ್ ಕೊನೇಲಿ 1,550 ಮಾಡಿದಾರೆ, ಆಮೇಲೆ 5 ಕಿಲೋಮೀಟರ್‌ಗೆ 100 ವೊನ್ ಏರ್ತಾ ಹೋಗುತ್ತೆ. ಅಂದ್ರೆ ಸುವೊನ್‌ನಿಂದ ಸಿಯೋಲ್ ಸ್ಟೇಷನ್ನಿಗೆ 40 ಕಿಲೋಮೀಟರ್ ಚಿಲ್ಲರೆ, 2 ಸಾವಿರ ವೊನ್ ಚಿಲ್ಲರೇಲಿ ಮುಗೀತು. ಮಜಾ ಇರೋದು ಇದಾದ್ಮೇಲೆ. ಮೆಟ್ರೋ ಇಳಿದು ಅರ್ಧ ಗಂಟೆಯೊಳಗೆ ಬಸ್ ಹತ್ತಿದ್ರೆ ಹೊಸ ಟಿಕೆಟ್ ಲೆಕ್ಕ ಇಲ್ಲ, ಒಟ್ಟು ಎಷ್ಟು ದೂರ ಹೋದ್ರಿ ಅನ್ನೋದಷ್ಟೇ ಲೆಕ್ಕ. ಹಂಗೆ ನಾಲ್ಕು ಸಲ ಬದಲಾಯಿಸ್ಬೋದು. ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಅರ್ಧ ಗಂಟೆ ಬದ್ಲು ಒಂದು ಗಂಟೆ ಟೈಮ್ ಕೊಡ್ತಾರೆ, ಬಸ್ಸು ಕಮ್ಮಿ ಇರ್ತಾವಲ್ಲ ಅದಕ್ಕೆ. ಅರ್ಧ ಗಂಟೇಲಿ ಎಷ್ಟು ಕೆಲಸ ಮಾಡ್ಬೋದು ಗೊತ್ತಾ, ನಮ್ಮ ಲ್ಯಾಬಿನ ಹುಡುಗೀರು ಇಳಿದು ಓಡಿ ಹೋಗಿ ಕಾಸ್ಮೆಟಿಕ್ಸ್ ತಗೊಂಡು ಬಂದು ಅದೇ ಟಿಕೆಟಲ್ಲಿ ಮುಂದಿನ ಬಸ್ ಹತ್ತೋರು. ಒಂದೇ ನಂಬರಿನ ಬಸ್ಸಿಗೆ ವಾಪಸ್ ಹತ್ತಿದ್ರೆ ಮಾತ್ರ ಈ ಲೆಕ್ಕ ನಡೆಯಲ್ಲ, ಅಷ್ಟು ಬುದ್ಧಿ ಅವ್ರಿಗೂ ಐತೆ.

ಬಸ್ಸಲ್ಲಿ ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಮಷೀನಿಗೆ ತೋರಿಸ್ಬೇಕು. ಇಳಿಯುವಾಗ ತೋರಿಸಿಲ್ಲ ಅಂದ್ರೆ ಆ ಟ್ರಾನ್ಸ್‌ಫರ್ ಲಾಭ ಹೋಯ್ತು ಅಂತ್ಲೇ. ಹೊಸಬರಿಗೆ ಇದು ಅಭ್ಯಾಸ ಆಗೋಕೆ ಟೈಮ್ ಹಿಡಿಯುತ್ತೆ, ಯಾಕಂದ್ರೆ ನಮ್ಮಲ್ಲಿ ಇಳಿಯುವಾಗ ಇರೋ ಒಂದೇ ಕೆಲಸ ಅಂದ್ರೆ ಟಿಕೆಟ್ ಹಿಂದೆ ಕಂಡಕ್ಟರ್ ಬರ್ದುಕೊಟ್ಟ ಚಿಲ್ಲರೆ ಇಸ್ಕೊಳ್ಳೋದು. ಅಲ್ಲಿ ಕಂಡಕ್ಟರ್ರೇ ಇಲ್ಲ, ಸಿಯೋಲ್‌ನಲ್ಲಿ ಕ್ಯಾಶ್ ಮುಟ್ಟದೇ ಇರೋ ಬಸ್ಸುಗಳೂ ಬೇಕಾದಷ್ಟು ಇದಾವೆ. ಕೈಯಲ್ಲಿ ಮುಚ್ಚಳ ಇಲ್ದಿರೋ ಕಾಫಿ ಕಪ್ ಹಿಡ್ಕೊಂಡು ಹತ್ತೋಕೆ ಹೋದ್ರೆ ಸಿಯೋಲ್ ಡ್ರೈವರ್ ಹತ್ತಿಸ್ಕೊಳ್ಳಲ್ಲ, 2018ರಿಂದ ರೂಲ್ ಐತೆ.

ಕೆಂಪು ಬಸ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಸುವೊನ್ ಸ್ಟೇಷನ್ನಿಂದ ಸಿಯೋಲ್‌ನ ಸದಾಂಗ್‌ಗೆ 7770 ಅಂತ ಬಸ್ಸು, ಹೈವೇ ಮೇಲೆ ಹೋಗುತ್ತೆ, ನಿಂತ್ಕೊಂಡು ಹೋಗೋಂಗಿಲ್ಲ. ಅದ್ರ ಮುಂದಿನ ಗ್ಲಾಸಲ್ಲಿ ಎಷ್ಟು ಸೀಟು ಖಾಲಿ ಐತೆ ಅಂತ ನಂಬರ್ ಉರೀತಿರುತ್ತೆ. ಬೆಳಿಗ್ಗೆ ಕ್ಯೂನಲ್ಲಿ ಎಲ್ರೂ ಸಾಲಾಗಿ ನಿಂತಿರ್ತಾರೆ, ಒಬ್ರೂ ಮಾತಾಡಲ್ಲ, ಬಸ್ಸು ದೂರದಲ್ಲಿ ಕಂಡ ತಕ್ಷಣ ಎಲ್ಲರ ಕಣ್ಣು ಆ ನಂಬರ್ ಮೇಲೆ, ಏಳು ಅಂತಿದ್ರೆ ಮುಂದಿನ ಏಳು ಜನ ಬ್ಯಾಗ್ ಸರಿ ಮಾಡ್ಕೊಳ್ತಾರೆ, ಎಂಟನೆಯವ ಫೋನ್ ತೆಗೆದು ಆಫೀಸಿಗೆ ಲೇಟು ಅಂತ ಟೈಪ್ ಮಾಡೋಕೆ ಶುರು ಮಾಡ್ತಾನೆ. ಸೊನ್ನೆ ಅಂತಿದ್ರೆ ಬಸ್ಸು ನಿಲ್ಸೋದೂ ಇಲ್ಲ. ನಮ್ಮ ಹರಿಹರ ಬಸ್ಸಿಗೆ ಇಂಥ ಬೋರ್ಡ್ ಹಾಕಿದ್ರೆ ಯಾವ ನಂಬರ್ ತೋರಿಸ್ಬೇಕೋ ದೇವರಿಗೇ ಗೊತ್ತು.

ಈಗ ಸೈಟ್‌ಸೀಯಿಂಗ್ ವಿಷ್ಯ. ನಂಗೆ ಅಡ್ಮಿಷನ್ ಮಾಡಿಸ್ಕೊಟ್ಟ ಏಜೆನ್ಸಿಯವ್ರು, ಹೆಸರು ಬೇಡ ಬಿಡಿ, ಫೀಸಲ್ಲೇ ಒಂದು ಸಿಯೋಲ್ ಸಿಟಿ ಟೂರ್ ಸೇರಿಸಿದ್ರು. ಒಂದು ಅರಮನೆ, ಅದೂ ಗೇಟಿಂದ ಫೋಟೋ ತೆಗ್ಸಿ ಹೊರಡಿ ಹೊರಡಿ ಅಂತ, ಮಿಕ್ಕಿದ್ದೆಲ್ಲಾ ಜಿನ್ಸೆಂಗ್ ಅಂಗಡಿ, ಕ್ರೀಮ್ ಅಂಗಡಿ, ಇನ್ನೊಂದು ಅಂಗಡಿ. ಅಪ್ಪಾಜಿ ಫೋನ್ ಮಾಡಿ ಏನೇನ್ ನೋಡ್ದೆ ಮಗಳೇ ಅಂದ್ರೆ ಹೇಳೋಕೆ ಒಂದೂ ನೆನಪಿಲ್ಲ. ಆಮೇಲೆ ಅದೇ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಕಾರ್ಡ್ ಹಿಡ್ಕೊಂಡು ನಾನೇ ಹೋದೆ. 1395ರಲ್ಲಿ ಕಟ್ಟಿದ್ದು, ಟಿಕೆಟ್ 3,000 ವೊನ್, ಹಾನ್‌ಬೊಕ್ ಅಂತ ಅವ್ರ ಸಾಂಪ್ರದಾಯಿಕ ಬಟ್ಟೆ ಹಾಕ್ಕೊಂಡು ಹೋದ್ರೆ ಫ್ರೀ, ಮಂಗಳವಾರ ರಜ. ನೆರಳಲ್ಲಿ ಕೂತು ಹಿಂದಿನ ಗುಡ್ಡ ನೋಡ್ತಾ ಅರ್ಧ ದಿನ ಕಳೆದೆ, ಯಾರೂ ಹೊರಡಿ ಅನ್ಲಿಲ್ಲ. ಯೊಂಗ್ಸಾನ್‌ನಲ್ಲಿರೋ ನ್ಯಾಷನಲ್ ಮ್ಯೂಸಿಯಮ್ಮಿನ ಮೇನ್ ಗ್ಯಾಲರಿಗಳು ಫ್ರೀ, ಮೆಟ್ರೋ ಸ್ಟೇಷನ್ನಿಂದ ಸುರಂಗದಲ್ಲೇ ನಡ್ಕೊಂಡು ಹೋಗ್ಬೋದು, ತಿಂಗಳ ಕೊನೇಲಿ ದುಡ್ಡಿಲ್ದಿದ್ದಾಗ ನಂದು ಅದೇ ಜಾಗ.

ಆದ್ರೆ ನಾನು ಅತಿ ಹೆಚ್ಚು ಸಲ ಹೋಗಿದ್ದು ಸುವೊನ್‌ನ ಹ್ವಾಸೊಂಗ್ ಕೋಟೆಗೆ, ಸಿಟಿ ಬಸ್ಸಲ್ಲಿ. ನಮ್ಮ ಅಜ್ಜಿ ಮನೆ ಚಿತ್ರದುರ್ಗ, ಸಣ್ಣವಳಿದ್ದಾಗಿಂದ ಏಳು ಸುತ್ತಿನ ಕೋಟೆ ಹತ್ತಿ ಇಳಿದು ಬೆಳೆದೋಳು ನಾನು, ಅದಕ್ಕೇ ಯಾವ ಕೋಟೆ ನೋಡಿದ್ರೂ ಇದೇನ್ ಮಹಾ ಅನ್ನೋ ಕೊಬ್ಬು ಇದ್ದೇ ಇರುತ್ತೆ. ಎತ್ತರ, ಬಂಡೆ, ಗಾಂಭೀರ್ಯ ಅಂತ ನೋಡಿದ್ರೆ ದುರ್ಗದ ಮುಂದೆ ಅದು ನಿಲ್ಲಲ್ಲ, ಇದನ್ನ ಕೊರಿಯನ್ ಫ್ರೆಂಡ್ಸ್ ಮುಂದೇನೂ ಹೇಳಿದೀನಿ. ಹೈದರಾಲಿ ಚಿತ್ರದುರ್ಗ ಹಿಡಿದಿದ್ದು 1779ರಲ್ಲಿ, ಅದಾಗಿ 15 ವರ್ಷಕ್ಕೆ, 1794ರಲ್ಲಿ ಸುವೊನ್‌ನಲ್ಲಿ ಈ ಕೋಟೆ ಕೆಲಸ ಶುರು, 1796ಕ್ಕೆ ಮುಗಿಸಿಬಿಟ್ರು. ಜೊಂಗ್ಜೊ ಅನ್ನೋ ರಾಜ ಕಟ್ಟಿಸಿದ್ದು. ಅವನ ಅಪ್ಪನ್ನ ಅವನ ಅಜ್ಜನೇ, ಅಂದ್ರೆ ಆಗಿನ ರಾಜನೇ, ಅಕ್ಕಿ ತುಂಬೋ ಪೆಟ್ಟಿಗೇಲಿ ಕೂಡಿ ಹಾಕಿ ಸಾಯ್ಸಿದ್ದ. ಮಗ ಪಟ್ಟಕ್ಕೆ ಬಂದ್ಮೇಲೆ ಅಪ್ಪನ ಸಮಾಧಿನ ಸುವೊನ್ ಕಡೆ ತಂದು, ಪಕ್ಕದಲ್ಲೇ ಊರು ಕಟ್ಟಿ, ಸುತ್ತ ಗೋಡೆ ಎಬ್ಬಿಸ್ದ. ಗೋಡೆ 5.7 ಕಿಲೋಮೀಟರ್, ಪೂರ್ತಿ ಸುತ್ತು ಹಾಕೋಕೆ ಆರಾಮಾಗಿ ನಡೆದ್ರೆ ಎರಡು ಎರಡೂವರೆ ಗಂಟೆ.

ನಂಗೆ ತಲೆ ತಿರುಗಿಸಿದ್ದು ಗೋಡೆ ಅಲ್ಲ, ಅದ್ರ ಲೆಕ್ಕದ ಪುಸ್ತಕ. ಕಟ್ಟಿ ಮುಗಿದ ಮೇಲೆ ಇಡೀ ಕೆಲಸದ ದಾಖಲೆ ಮಾಡಿ 1801ರಲ್ಲಿ ಅಚ್ಚು ಹಾಕ್ಸಿದಾರೆ, ಯಾವ ಕಲ್ಲುಕುಟಿಗ ಎಷ್ಟು ದಿನ ಕೆಲಸ ಮಾಡ್ದ, ಅವನ ಹೆಸರೇನು, ಕೂಲಿ ಎಷ್ಟು, ಭಾರ ಎತ್ತೋ ಯಂತ್ರದ ಚಿತ್ರ ಹೆಂಗಿತ್ತು, ಎಲ್ಲಾ. ಕೊರಿಯಾ ಯುದ್ಧದಲ್ಲಿ ಕೋಟೆ ಅರ್ಧಂಬರ್ಧ ಹಾಳಾಗಿತ್ತು, 1970ರ ದಶಕದಲ್ಲಿ ಆ ಪುಸ್ತಕ ಇಟ್ಕೊಂಡೇ ವಾಪಸ್ ಕಟ್ಟಿದಾರೆ, 1997ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ದುರ್ಗದಲ್ಲಿ ಗೈಡ್‌ಗಳು ಓಬವ್ವನ ಕಿಂಡಿ ಹತ್ರ ನಿಂತು ಕಥೆ ಹೇಳಿದ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ, ಆದ್ರೆ ಆ ಬಂಡೆ ಹೊತ್ತೋರು ಯಾರು ಅಂತ ಯಾರೂ ಹೇಳಲ್ಲ. ಸುವೊನ್‌ನಲ್ಲಿ ಕೂಲಿಯವ್ರ ಹೆಸರು ಬರೆದಿಟ್ಟಿದಾರೆ ಅಂತ ಗೊತ್ತಾದಾಗ ನಂಗೆ ನಿಜವಾಗ್ಲೂ ಹೊಟ್ಟೆ ಉರೀತು. ಸಂಜೆ ಆ ಕೋಟೆಯ ಉತ್ತರದ ಮೂಲೇಲಿ ಒಂದು ಮಂಟಪ, ಕೆಳಗೆ ಕೊಳ, ಎಲ್ಲಾ ಕಾಲೇಜು ಹುಡುಗ್ರು ಚಾಪೆ ಹಾಸ್ಕೊಂಡು ಕೂತಿರ್ತಾರೆ, ಊಟ ತರಿಸ್ಕೊಂಡು ತಿನ್ನೋರು ಕೆಲವ್ರು, ಲ್ಯಾಪ್‌ಟಾಪ್ ತೆಗೆದು ಗ್ರೂಪ್ ಪ್ರಾಜೆಕ್ಟ್ ಜಗಳ ಮಾಡೋರು ಕೆಲವ್ರು.

ಗ್ರೂಪ್ ಪ್ರಾಜೆಕ್ಟ್ ಅಂದ್ನಲ್ಲ, ಕ್ಯಾಂಪಸ್ ಬಗ್ಗೆನೂ ಸ್ವಲ್ಪ. ಅವ್ರ ವರ್ಷ ಮಾರ್ಚಲ್ಲಿ ಶುರು, ಚೆರ್ರಿ ಹೂ ಬಿಡೋ ಏಪ್ರಿಲಲ್ಲೇ ಮಿಡ್‌ಟರ್ಮ್ ಇಡ್ತಾರೆ, ಇದು ಬೇಕಂತ್ಲೇ ಮಾಡೋದು ಅಂತ ಅಲ್ಲಿನ ಹುಡುಗ್ರೇ ಬೈಕೊಳ್ತಾರೆ. ಪರೀಕ್ಷೆ ಟೈಮಲ್ಲಿ ಲೈಬ್ರರಿ ರಾತ್ರಿಯಿಡೀ ತೆರೆದಿರುತ್ತೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಫೋನ್, ಪರ್ಸ್ ಎಲ್ಲಾ ಬಿಟ್ಟು ಊಟಕ್ಕೆ ಹೋಗ್ತಾರೆ, ಯಾರೂ ಮುಟ್ಟಲ್ಲ. ಇಂಗ್ಲಿಷ್ ಕ್ಲಾಸ್ ಅಂತ ಹಾಕಿರ್ತಾರೆ, ಪ್ರೊಫೆಸರ್ ಹದಿನೈದು ನಿಮಿಷ ಆದ್ಮೇಲೆ ಸುಸ್ತಾಗಿ ಕೊರಿಯನ್‌ಗೆ ಹೊರಳಿಬಿಡ್ತಾರೆ, ಅದಕ್ಕೇ ಹೋಗೋ ಮುಂಚೆ ಭಾಷೆ ಓದೋಕಷ್ಟೇ ಅಲ್ಲ, ಕೇಳೋಕೂ ಕಲೀರಿ. ಹಾಸ್ಟೆಲ್‌ಗಳಲ್ಲಿ ಟಿಬಿ ಟೆಸ್ಟ್ ರಿಪೋರ್ಟ್ ಕೇಳ್ತಾರೆ, ರೂಮಲ್ಲಿ ಅಡುಗೆ ಮಾಡಿದ್ರೆ ಪೆನಾಲ್ಟಿ ಪಾಯಿಂಟ್, ಪಾಯಿಂಟ್ ಜಾಸ್ತಿ ಆದ್ರೆ ಹೊರಗೆ. ಕುಕ್ಕರ್ ಪ್ರಶ್ನೆಗೆ ಉತ್ತರ ಸಿಕ್ತಲ್ಲ.

ಸಸ್ಯಾಹಾರಿಗಳಿಗೆ ಕಷ್ಟ, ಸುಳ್ಳು ಹೇಳಲ್ಲ. ಅವ್ರ ಉಪ್ಪಿನಕಾಯಿ ಥರದ ಕಿಮ್ಚೀಲೂ ಮೀನಿನ ಸಾಸ್ ಇರುತ್ತೆ, ತರಕಾರಿ ಸಾರು ಅಂತ ಕೊಡೋದ್ರಲ್ಲೂ ಒಣಮೀನು ಕುದಿಸಿರ್ತಾರೆ. ಕ್ಯಾಂಪಸ್ ಕ್ಯಾಂಟೀನಲ್ಲಿ ಬಿಬಿಂಬಾಪ್‌ಗೆ, ಅಂದ್ರೆ ತರಕಾರಿ ಹಾಕಿ ಕಲಸ್ಕೊಂಡು ತಿನ್ನೋ ಅನ್ನಕ್ಕೆ, ಮಾಂಸ ಹಾಕ್ಬೇಡಿ ಅಂದ್ರೆ ಆಂಟೀರು ಪಾಪ ಮುಖ ಮಾಡ್ಕೊಂಡು ಮೊಟ್ಟೆ ಎರಡು ಹಾಕೋರು, ಮೊಟ್ಟೆನೂ ಬೇಡ ಅಂದ್ರೆ ಹುಷಾರಿಲ್ವಾ ಅಂತ ಕೇಳೋರು. ಕೆಲವು ಕಾಲೇಜಲ್ಲಿ ಸರ್ಕಾರದ ಸ್ಕೀಮಲ್ಲಿ 1,000 ವೊನ್‌ಗೆ ಬೆಳಗಿನ ಊಟ ಕೊಡ್ತಾರೆ, ನಿಮ್ಮ ಕಾಲೇಜಲ್ಲಿ ಐತಾ ವಿಚಾರಿಸಿ, ಬೇಗ ಏಳೋ ತಾಕತ್ತಿದ್ರೆ. ತೊಗರಿಬೇಳೆ, ಗೋಧಿಹಿಟ್ಟು, ಮಸಾಲೆ ಬೇಕಂದ್ರೆ ಸಿಯೋಲ್‌ನ ಇಟೆವೊನ್, ಆರನೇ ಲೈನು, ದೊಡ್ಡ ಮಸೀದಿ ಹತ್ರದ ರೋಡಲ್ಲಿ ಅಂಗಡಿಗಳು ಸಾಲಾಗಿ ಇದಾವೆ. ಬೌದ್ಧ ದೇವಸ್ಥಾನದ ಊಟ ಸಿಕ್ಕಿದ್ರೆ ಬಿಡ್ಬೇಡಿ, ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ, ನಮ್ಮ ಅಜ್ಜಿ ಕೇಳಿದ್ರೆ ಖುಷಿ ಪಡೋರು. ನಾಲಿಗೆಗೆ ಖಾರ ಮಂಡಕ್ಕಿ ಮೆಣಸಿನಕಾಯಿ ಬೇಕು ಅನ್ನಿಸೋ ಸಂಜೆಗಳಿಗೆ ಮಾತ್ರ ಯಾವ ಕಾರ್ಡೂ ಇಲ್ಲ.

ಊರಾಚೆ ಹೋಗೋದಾದ್ರೆ ಗ್ಯೊಂಗ್ಜು ಮೊದಲು, ಬುಸಾನ್ ಆಮೇಲೆ. ರೈಲಿಗೆ ಟಿ-ಮನಿ ನಡೆಯಲ್ಲ, ಟಿಕೆಟ್ ಬೇರೆ ತಗೋಬೇಕು. ಕೆಟಿಎಕ್ಸ್ ಅಂತ ಸ್ಪೀಡ್ ಟ್ರೈನು ಸಿಯೋಲ್‌ನಿಂದ ಬುಸಾನಿಗೆ ಎರಡೂವರೆ ಗಂಟೆ ಚಿಲ್ಲರೆ, 59,800 ವೊನ್, ಸ್ಟೂಡೆಂಟ್ ಜೇಬಿಗೆ ಭಾರ. ಮುಗುಂಗ್ವಾ ಅಂತ ಹಳೇ ಟ್ರೈನ್ ಹೆಚ್ಚುಕಮ್ಮಿ ಅದ್ರರ್ಧ ರೇಟು, ಐದೂವರೆ ಗಂಟೆ, ಕಿಟಕಿ ಪಕ್ಕ ಕೂತ್ರೆ ಭತ್ತದ ಗದ್ದೆ ನೋಡ್ಕೊಂಡು ಹೋಗ್ಬೋದು, ನಮ್ಮ ಭದ್ರಾ ನಾಲೆ ಕಡೆಯವ್ರಿಗೆ ಊರು ನೆನಪಾಗುತ್ತೆ. ಇಳಿದ ತಕ್ಷಣ ಲೋಕಲ್ ಬಸ್ಸಿಗೆ ಮತ್ತೆ ಅದೇ ಟಿ-ಮನಿ. ಗ್ಯೊಂಗ್ಜು ಅಂದ್ರೆ ಸಿಲ್ಲಾ ರಾಜ್ಯದ ರಾಜಧಾನಿ ಆಗಿದ್ದ ಊರು. ಊರ ಮಧ್ಯೆನೇ ರಾಜರ ಸಮಾಧಿ, ಬಣವೆ ಮೇಲೆ ಹಸಿರು ಹುಲ್ಲು ಬೆಳ್ಸಿದಂಗೆ ದೊಡ್ಡ ದೊಡ್ಡ ಗುಡ್ಡೆ. 1973ರಲ್ಲಿ ಅದ್ರಲ್ಲಿ ಒಂದನ್ನ ಅಗೆದು ಚಿನ್ನದ ಕಿರೀಟ ತೆಗೆದಿದಾರೆ, ಅದ್ರೊಳಗೆ ಹೋಗಿ ನೋಡ್ಬೋದು. 10 ಅಥ್ವಾ 11ನೇ ನಂಬರ್ ಬಸ್ಸು ಬುಲ್ಗುಕ್ಸಾ ದೇವಸ್ಥಾನಕ್ಕೆ ಹೋಗುತ್ತೆ, 2023ರಿಂದ ಅಲ್ಲಿ ಎಂಟ್ರಿ ಫೀಸೂ ತೆಗೆದಿದಾರೆ. ಮೇಲೆ ಬೆಟ್ಟದಲ್ಲಿ ಸೊಕ್ಕುರಾಮ್ ಅಂತ ಕಲ್ಲಿನ ಗುಹಾಲಯ, ಒಳಗೆ ಗ್ರಾನೈಟ್ ಬುದ್ಧ, ಗ್ಲಾಸ್ ಆಚೆಯಿಂದ ನೋಡ್ಬೇಕು, ಫೋಟೋ ಇಲ್ಲ.

ಉತ್ತರ ಕೊರಿಯಾ ಗಡಿ, ಡಿಎಂಝಡ್ ಅಂತಾರಲ್ಲ, ಅದಕ್ಕೆ ಮಾತ್ರ ಟೂರ್ ಬಸ್ಸೇ ಬೇಕು, ಪಾಸ್‌ಪೋರ್ಟೂ ಬೇಕು. ಅದೊಂದಕ್ಕೆ ದುಡ್ಡು ಕೊಡಿ.

ಮೆಟ್ರೋದಲ್ಲಿ ಹಿಂಗೂ ಒಂದು ನೋಡಿ, 65 ದಾಟಿದವ್ರಿಗೆ ಪೂರ್ತಿ ಫ್ರೀ. ಬೆಳಿಗ್ಗೆ ಬೆಟ್ಟ ಹತ್ತೋ ಡ್ರೆಸ್ಸು, ಕೋಲು, ಬಣ್ಣದ ಟೋಪಿ ಹಾಕ್ಕೊಂಡು ಅಜ್ಜಿ ತಾತಂದಿರು ಗುಂಪುಗುಂಪಾಗಿ ಹತ್ತುತಾರೆ, ಅವ್ರ ಗಲಾಟೆ ಒಂದೇ ಆ ಬೋಗೀಲಿ ಕೇಳೋ ಸದ್ದು. ಇದ್ರಿಂದ ಮೆಟ್ರೋಗೆ ನಷ್ಟ ಅಂತ ಪೇಪರಲ್ಲಿ ವರ್ಷಾನುಗಟ್ಲೆ ವಾದ ನಡೀತಾನೇ ಐತೆ, ನಮ್ಮಲ್ಲಿ ಶಕ್ತಿ ಯೋಜನೆ ಬಗ್ಗೆ ನಡೆಯೋ ವಾದಾನೇ. ನಾನಂತೂ ಅಜ್ಜಿಯರ ಪಾರ್ಟಿ.

ಕೊರತೆ ಏನಿಲ್ವಾ ಅಂದ್ರೆ ಇದಾವೆ. ಮೊದಲನೇದು, ಕ್ರೆಡಿಟ್ ಕಾರ್ಡ್ ಇಲ್ದೆ ಯಾರೂ ಟೀ ಕೂಡ ಕುಡಿಯದ ದೇಶದಲ್ಲಿ ಪ್ಲಾಸ್ಟಿಕ್ ಟಿ-ಮನಿ ರೀಚಾರ್ಜಿಗೆ ಸಾಮಾನ್ಯವಾಗಿ ಕ್ಯಾಶೇ ಬೇಕು. 2025ರಿಂದ ಐಫೋನಲ್ಲೂ ಬಂದಿದೆ, ಆದ್ರೂ ಪರ್ಸಲ್ಲಿ ಒಂದೆರಡು 10,000ದ ನೋಟು ಇಟ್ಕೊಂಡಿರಿ. ಎರಡನೇದು, ಕಾರ್ಡ್ ಕಳೆದ್ರೆ ದುಡ್ಡು ಹೋಯ್ತು ಅಂತ್ಲೇ, ಹೆಸರು ಕೇಳದ ಕಾರ್ಡಿಗೆ ಇದು ತಪ್ಪಿದ್ದಲ್ಲ, ಹಂಗಾಗಿ ಒಂದೇ ಸಲ ಜಾಸ್ತಿ ತುಂಬಿಸ್ಬೇಡಿ. ಮೂರನೇದು ನಂಗೆ ಸಿಟ್ಟು ಬರೋದು, ರಿಯಾಯಿತಿ ಇರೋದು ಸಣ್ಣ ಮಕ್ಕಳಿಗೆ ಮತ್ತೆ 18ರವರೆಗಿನವ್ರಿಗೆ, ಕಾಲೇಜು ಸ್ಟೂಡೆಂಟು ಅಂದ್ರೆ ದೊಡ್ಡೋರ ಚಾರ್ಜೇ. ಇಲ್ಲಿ ಬಸ್ ಪಾಸ್ ಮಾಡಿಸ್ಕೊಂಡು ಓದಿದ ನಮಗೆ ಅದು ಸ್ವಲ್ಪ ಅನ್ಯಾಯ ಅನ್ನಿಸುತ್ತೆ. ಸಿಯೋಲ್ ಒಳಗೇ ಕಾಲೇಜು ಇದ್ದು ದಿನಾ ಓಡಾಡೋರಾದ್ರೆ 2024ರಲ್ಲಿ ಬಂದ ಕ್ಲೈಮೇಟ್ ಕಾರ್ಡ್ ನೋಡಿ, 30 ದಿನಕ್ಕೆ 62,000 ವೊನ್, ಎಷ್ಟು ಸಲ ಬೇಕಾದ್ರೂ ಹತ್ತಿ ಇಳೀರಿ. ಆದ್ರೆ ಕೆಂಪು ಬಸ್ಸಿಗೆ ಅದು ನಡೆಯಲ್ಲ, ಸುವೊನ್ ಕಡೆಯವ್ರಿಗೆ ಲಾಭ ಇಲ್ಲ.

ಮ್ಯಾಪ್ ವಿಷ್ಯನೂ ಹೇಳಿಬಿಡ್ತೀನಿ, ಅಲ್ಲಿ ಗೂಗಲ್ ಮ್ಯಾಪ್ ನೆಚ್ಚಿಕೊಂಡು ನಡೆಯೋಕೆ ಹೋಗ್ಬೇಡಿ, ದಾರಿ ಸರಿಯಾಗಿ ತೋರಿಸಲ್ಲ, ನೇವರ್ ಮ್ಯಾಪ್ ಹಾಕ್ಕೊಳ್ಳಿ, ಯಾವ ಬೋಗಿ ಹತ್ತಿದ್ರೆ ಮುಂದಿನ ಟ್ರೇನಿನ ಮೆಟ್ಟಿಲು ಹತ್ರ ಆಗುತ್ತೆ ಅನ್ನೋವರೆಗೂ ಹೇಳುತ್ತೆ.

ರೇಟಿಂಗ್ ಕೇಳಿದ್ರೆ ಐದಕ್ಕೆ ನಾಲ್ಕೂವರೆ, ಅರ್ಧ ಕಡಿಮೆ ಮಾಡಿದ್ದು ಸ್ಟೂಡೆಂಟ್ ರಿಯಾಯಿತಿ ಇಲ್ಲ ಅಂತ. ಓದು ಮುಗಿಸಿ ವಾಪಸ್ ಬರುವಾಗ ಕಾರ್ಡಲ್ಲಿ ಉಳಿದಿರೋ ದುಡ್ಡು 20,000 ವೊನ್ ಒಳಗಿದ್ರೆ ಕನ್ವೀನಿಯೆನ್ಸ್ ಸ್ಟೋರಲ್ಲೇ 500 ವೊನ್ ಹಿಡ್ಕೊಂಡು ವಾಪಸ್ ಕೊಡ್ತಾರೆ. ಇಲ್ಲಾಂದ್ರೆ ಅದೇ ಅಂಗಡೀಲಿ ಆ ಕಾರ್ಡ್ ಕೊಟ್ಟೇ ಬನಾನ ಮಿಲ್ಕ್ ತಗೊಂಡು ಖಾಲಿ ಮಾಡ್ಬೋದು, ನಾನು ಹಂಗೇ ಮಾಡಿದ್ದು. ಈ ಸೆಪ್ಟೆಂಬರ್ ಇನ್‌ಟೇಕ್‌ಗೆ ಹೋಗೋರು ಇಂಚಿಯೋನ್ ಏರ್‌ಪೋರ್ಟಲ್ಲಿ ಇಳಿದ ತಕ್ಷಣ ಅಲ್ಲಿರೋ ಸ್ಟೋರಲ್ಲೇ ತಗೊಳ್ಳಿ, ಬೊಂಬೆ ಇರೋದು ಬೇಡ, ಸಾದಾದ್ದೇ ಸಾಕು.